ಮೂರು ಕ್ಯಾಲೆಂಡರ್, ಒಂದು ಬುಕಿಂಗ್ ಲಿಂಕ್: ಯಾವ ಆ್ಯಪ್ ಆರಿಸಿಕೊಳ್ಳಬೇಕು?

ಮೂರು ಕ್ಯಾಲೆಂಡರ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾಲ್ಕು ಜನರ ಸಣ್ಣ ತಂಡವೊಂದರಲ್ಲಿ ತರಬೇತಿ ಮತ್ತು ಸಲಹೆಯ ಕೆಲಸ ಮಾಡುತ್ತಿದ್ದೇನೆ. ವಾರಕ್ಕೆ ಇಪ್ಪತ್ತಕ್ಕೂ ಹೆಚ್ಚು ಮೀಟಿಂಗ್‌ಗಳಿರುತ್ತವೆ. ಅರ್ಧಕ್ಕಿಂತ ಹೆಚ್ಚಿನವು ಹೊರಗಿನ ಗ್ರಾಹಕರೊಂದಿಗೆ, ಉಳಿದವು ನಮ್ಮನಮ್ಮಲ್ಲೇ. ನನ್ನ ಕೆಲಸದ ಕ್ಯಾಲೆಂಡರ್ ಔಟ್‌ಲುಕ್‌ನಲ್ಲಿದೆ, ಸ್ವಂತದ್ದು ಗೂಗಲ್‌ನಲ್ಲಿದೆ, ಮನೆಯವರೊಂದಿಗೆ ಹಂಚಿಕೊಂಡದ್ದು ಐಕ್ಲೌಡ್‌ನಲ್ಲಿದೆ. ಒಂದು ಮೀಟಿಂಗ್ ಗೊತ್ತುಮಾಡುವುದಕ್ಕೆ ಐದಾರು ಇಮೇಲ್‌ಗಳು ಅತ್ತಿಂದಿತ್ತ ಓಡಾಡುತ್ತವೆ. "ಮಂಗಳವಾರ ಆಗಬಹುದೇ" ಎಂದು ನಾನು ಕೇಳಿ, "ಆಗಬಹುದು, ಆದರೆ ಮೂರರ ನಂತರ" ಎಂದು ಅವರು ಬರೆಯುವಷ್ಟರಲ್ಲಿ ಆ ಹೊತ್ತನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತೇನೆ.

ಇದಕ್ಕೆ ಪರಿಹಾರವೆಂದು ಕಳೆದ ತಿಂಗಳು ಒಂದು ಬುಕಿಂಗ್ ಆ್ಯಪ್ ಹಾಕಿಕೊಂಡೆ. ನನ್ನ ಬಿಡುವಿನ ಹೊತ್ತುಗಳಿರುವ ಪುಟದ ಲಿಂಕ್ ಕಳಿಸಿದರೆ ಗ್ರಾಹಕರೇ ತಮಗೆ ಅನುಕೂಲವಾದ ಹೊತ್ತನ್ನು ಆರಿಸಿಕೊಳ್ಳುತ್ತಾರೆ ಎಂಬ ಮಾತು ನಿಜವೇ ಆಗಿತ್ತು, ಆದರೆ ಎರಡೇ ವಾರದಲ್ಲಿ ಎರಡು ಎಡವಟ್ಟುಗಳಾದವು. ಮಗಳ ಶಾಲೆಯ ಪೋಷಕರ ಸಭೆ ಎಂದು ಮನೆಯ ಕ್ಯಾಲೆಂಡರ್‌ನಲ್ಲಿ ಬೆಳಿಗ್ಗೆ ಬರೆದಿಟ್ಟಿದ್ದ ಹೊತ್ತಿಗೇ ಮಧ್ಯಾಹ್ನ ಒಬ್ಬ ಗ್ರಾಹಕರು ಬುಕ್ ಮಾಡಿದರು. ಅದಾದ ಮೇಲೆ, ಶುಕ್ರವಾರ ಇಡೀ ದಿನಕ್ಕೆ "ರಜೆ" ಎಂದು ಹಾಕಿಕೊಂಡಿದ್ದರೂ ಅದೇ ಶುಕ್ರವಾರ ಹನ್ನೊಂದಕ್ಕೆ ಒಂದು ಮೀಟಿಂಗ್ ಬಂದು ಕೂತಿತು. ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಆ ಮೀಟಿಂಗ್ ಮುಗಿಸಿದೆ.

ಕ್ಯಾಲೆಂಡ್ಲಿ, ಕ್ಯಾಲ್ ಡಾಟ್ ಕಾಮ್, ಗೂಗಲ್‌ನ ಅಪಾಯಿಂಟ್‌ಮೆಂಟ್ ಪುಟ, ಮೈಕ್ರೋಸಾಫ್ಟ್ ಬುಕಿಂಗ್ಸ್ ಇವುಗಳಲ್ಲಿ ಯಾವುದನ್ನು ಆರಿಸಿದರೆ ಇಂಥದ್ದು ಆಗುವುದಿಲ್ಲ? ಅಥವಾ ಬೇರೆ ಬುಕಿಂಗ್ ಆ್ಯಪ್ ಬೇಡವೇ ಬೇಡ, ಒಳ್ಳೆಯ ಕ್ಯಾಲೆಂಡರ್ ಆ್ಯಪ್ ಒಂದೇ ಸಾಕೇ? ಬಳಸಿ ನೋಡಿದವರು ದಯವಿಟ್ಟು ಹೇಳಬೇಕು.

ಆಫೀಸ್ ಡೈರಿ

ತಾವು ಹೆಸರಿಸಿದ ನಾಲ್ಕೂ ಒಂದೇ ಜಾತಿಯ ಸಲಕರಣೆಗಳು. ಆದರೆ ತಮ್ಮ ಮೀಟಿಂಗ್‌ಗಳು ಒಂದೇ ಜಾತಿಯವಲ್ಲ. ಆ್ಯಪ್‌ಗಳನ್ನು ಹೋಲಿಸುವುದಕ್ಕೆ ಮೊದಲು ಯಾರ ಜೊತೆ ಮೀಟಿಂಗ್ ಎಂಬುದನ್ನು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಒಂದೇ ಸಂಸ್ಥೆಯ ಒಳಗಿನವರಿಗೆ ಬುಕಿಂಗ್ ಲಿಂಕ್ ಬೇಕಾಗಿಲ್ಲ. ಔಟ್‌ಲುಕ್‌ನ ಶೆಡ್ಯೂಲಿಂಗ್ ಅಸಿಸ್ಟೆಂಟ್ ಆಗಲಿ, ಗೂಗಲ್ ಕ್ಯಾಲೆಂಡರ್‌ನಲ್ಲಿ ಅತಿಥಿಗಳ ಬಿಡುವನ್ನು ತೋರಿಸುವ ಸೌಲಭ್ಯವಾಗಲಿ, ಎಲ್ಲರ ದಿನಗಳನ್ನೂ ಒಂದರ ಕೆಳಗೊಂದು ಇಟ್ಟು ತೋರಿಸುತ್ತವೆ. ಖಾಲಿ ಜಾಗ ಕಂಡಲ್ಲಿ ಆಹ್ವಾನ ಕಳಿಸಿದರೆ ಮುಗಿಯಿತು. ಪಕ್ಕದ ಕುರ್ಚಿಯಲ್ಲಿ ಕೂತ ಸಹೋದ್ಯೋಗಿಗೆ ಲಿಂಕ್ ಕಳಿಸಿ "ನನ್ನ ಬಿಡುವು ನೋಡಿಕೊಳ್ಳಿ" ಎನ್ನುವವರನ್ನು ನಾನು ಕಂಡಿದ್ದೇನೆ, ಅದು ಅತಿಯಾಯಿತು.

ಹೊರಗಿನ ಒಬ್ಬರೊಂದಿಗೆ ಭೇಟಿಯಾಗುವುದಾದರೆ ಬುಕಿಂಗ್ ಪುಟಕ್ಕೆ ನಿಜವಾದ ಬೆಲೆ ಇದೆ. 2013ರಲ್ಲಿ ಟೋಪೆ ಅವೊಟೋನಾ ಎಂಬುವರು ಆರಂಭಿಸಿದ ಕ್ಯಾಲೆಂಡ್ಲಿ ಬೆಳೆದದ್ದೇ ಈ ಒಂದು ಕೆಲಸದಿಂದ. ಆದರೆ ಬೇರೆಬೇರೆ ಸಂಸ್ಥೆಗಳ ಏಳೆಂಟು ಜನ ಸೇರಬೇಕಾದಾಗ ಬುಕಿಂಗ್ ಪುಟ ಕೈಕೊಡುತ್ತದೆ, ಏಕೆಂದರೆ ಅದಕ್ಕೆ ಗೊತ್ತಿರುವುದು ನಿಮ್ಮೊಬ್ಬರ ಬಿಡುವು ಮಾತ್ರ. ಅಲ್ಲಿ ಬೇಕಾದದ್ದು ಮತ ಹಾಕಿಸುವ ಸಲಕರಣೆ: ನಾಲ್ಕೈದು ಹೊತ್ತುಗಳನ್ನು ಮುಂದಿಟ್ಟು, ಪ್ರತಿಯೊಬ್ಬರೂ ತಮಗೆ ಆಗುವುದಕ್ಕೆ ಟಿಕ್ ಹಾಕುವಂಥದ್ದು. ಜ್ಯೂರಿಕ್‌ನಲ್ಲಿ 2007ರಲ್ಲಿ ಶುರುವಾದ ಡೂಡಲ್ ಇದಕ್ಕೇ ಹೆಸರಾದದ್ದು; ಔಟ್‌ಲುಕ್ ಬಳಸುವವರಿಗೆ ಅದರೊಳಗೇ ಶೆಡ್ಯೂಲಿಂಗ್ ಪೋಲ್ ಇದೆ. ತಮ್ಮಲ್ಲಿ ಈ ಮೂರು ಬಗೆಯ ಮೀಟಿಂಗ್‌ಗಳೂ ಇದ್ದರೆ ಒಂದೇ ಆ್ಯಪ್ ಮೂರನ್ನೂ ಚೆನ್ನಾಗಿ ಮಾಡಲೆಂದು ಬಯಸುವುದು ಬೇಡ.

ಸರ್ವರ್ ಕೋಣೆ

ಮೂರು ಕ್ಯಾಲೆಂಡರ್ ಅವರೇ, ತಾವು ಹೇಳಿದ ಎರಡೂ ಎಡವಟ್ಟುಗಳು ಬೇರೆ ಆ್ಯಪ್ ಹಾಕಿಕೊಂಡರೂ ಮತ್ತೆ ಆಗುತ್ತವೆ ಎಂದು ನನಗೆ ಹೆಚ್ಚುಕಡಿಮೆ ಖಚಿತವಾಗಿ ಅನ್ನಿಸುತ್ತದೆ. ದೋಷ ಇರುವುದು ಬುಕಿಂಗ್ ಪುಟದಲ್ಲಲ್ಲ, ಅದು ಓದುತ್ತಿರುವ ಕ್ಯಾಲೆಂಡರ್‌ನಲ್ಲಿ.

ಬುಕಿಂಗ್ ಆ್ಯಪ್‌ಗೆ ಸ್ವಂತ ಬುದ್ಧಿ ಇರುವುದಿಲ್ಲ. ಯಾರಾದರೂ ಲಿಂಕ್ ತೆರೆದಾಗ ಅದು ತಮ್ಮ ಕ್ಯಾಲೆಂಡರ್‌ಗೆ "ಈ ವಾರ ಯಾವ ಯಾವ ಹೊತ್ತು ಬ್ಯುಸಿ" ಎಂದು ಕೇಳುತ್ತದೆ, ಬಂದ ಉತ್ತರವನ್ನು ತಾವು ಗೊತ್ತುಮಾಡಿದ ಕೆಲಸದ ವೇಳೆಯಿಂದ ಕಳೆದು, ಉಳಿದದ್ದನ್ನು ತೋರಿಸುತ್ತದೆ. ಸಾಮಾನ್ಯವಾಗಿ ಗ್ರಾಹಕರು ಖಚಿತಪಡಿಸುವ ಬಟನ್ ಒತ್ತಿದಾಗ ಇನ್ನೊಮ್ಮೆ ಕೇಳುತ್ತದೆ. ಹಾಗಾಗಿ ಕ್ಯಾಲೆಂಡರ್ ಕೊಡುವ ಉತ್ತರ ತಪ್ಪಾಗಿದ್ದರೆ ಅಥವಾ ಹಳೆಯದಾಗಿದ್ದರೆ ಪುಟವೂ ತಪ್ಪನ್ನೇ ತೋರಿಸುತ್ತದೆ.

ರಜೆಯ ವಿಷಯ ಮೊದಲು. ಇಡೀ ದಿನದ ನಮೂದನ್ನು ಬಹುಪಾಲು ಕ್ಯಾಲೆಂಡರ್‌ಗಳು ತಾವಾಗಿಯೇ "ಬಿಡುವು" ಎಂದು ಗುರುತಿಸಿಡುತ್ತವೆ. ಹುಟ್ಟುಹಬ್ಬ, ಹಬ್ಬದ ದಿನ ಮುಂತಾದವು ಇಡೀ ದಿನದ ನಮೂದುಗಳೇ ಆದ್ದರಿಂದ, ಅವೆಲ್ಲ ದಿನವನ್ನು ಮುಚ್ಚಿಬಿಡಬಾರದು ಎಂಬುದು ಅದರ ಹಿಂದಿನ ವಿಚಾರ. ಈಗ ಆ ಶುಕ್ರವಾರದ ನಮೂದನ್ನು ತೆರೆದು ನೋಡಿ. "ಹೀಗೆ ತೋರಿಸು" ಎಂಬ ಅರ್ಥದ ಒಂದು ಸಣ್ಣ ಪಟ್ಟಿ ಇರುತ್ತದೆ, ಅದರಲ್ಲಿ "ಬ್ಯುಸಿ" ಎಂದು ಬದಲಿಸಬೇಕು. ರಜೆಗೆಂದೇ ಗೂಗಲ್ ಕ್ಯಾಲೆಂಡರ್‌ನಲ್ಲಿ "ಔಟ್ ಆಫ್ ಆಫೀಸ್" ಎಂಬ ಬೇರೆಯೇ ಬಗೆಯ ನಮೂದಿದೆ, ಕೆಲಸದ ಖಾತೆಗಳಲ್ಲಿ ಸಿಗುತ್ತದೆ. ಅದನ್ನು ಹಾಕಿದರೆ ಹೊತ್ತು ಮುಚ್ಚುವುದಲ್ಲದೆ ಬಂದ ಆಹ್ವಾನಗಳನ್ನು ತಾನೇ ನಿರಾಕರಿಸುವಂತೆಯೂ ಮಾಡಬಹುದು.

ಪೋಷಕರ ಸಭೆಯ ವಿಷಯಕ್ಕೆ ಬಂದರೆ, ಮನೆಯ ಕ್ಯಾಲೆಂಡರನ್ನು ಬುಕಿಂಗ್ ಆ್ಯಪ್‌ಗೆ ನೇರವಾಗಿ ಜೋಡಿಸಿದ್ದೀರೋ, ಅಥವಾ ಅದರ ಲಿಂಕನ್ನು ಗೂಗಲ್ ಕ್ಯಾಲೆಂಡರ್‌ಗೆ ಚಂದಾ ಹಾಕಿದ್ದೀರೋ? ಎರಡಕ್ಕೂ ಅಜಗಜಾಂತರವಿದೆ. ಚಂದಾ ಹಾಕಿದ ಕ್ಯಾಲೆಂಡರ್ ಎಂದರೆ ಗೋಡೆಗೆ ಅಂಟಿಸಿದ ನಕಲಿನಂತೆ; ಮೂಲದಲ್ಲಿ ಬದಲಾದದ್ದು ಇಲ್ಲಿ ಕಾಣಿಸಲು ಹಲವು ಗಂಟೆಗಳೇ ಆಗಬಹುದು, ಆ ವೇಗವನ್ನು ಹೆಚ್ಚಿಸುವ ಬಟನ್ ಕೂಡ ಇಲ್ಲ. ಬೆಳಿಗ್ಗೆ ಬರೆದದ್ದು ಮಧ್ಯಾಹ್ನದವರೆಗೆ ಬಂದು ತಲುಪಿರಲಿಕ್ಕಿಲ್ಲ. ಖಾತೆಯನ್ನೇ ಜೋಡಿಸಿದ್ದರೆ ಉತ್ತರ ಆ ಕ್ಷಣದ್ದಾಗಿರುತ್ತದೆ. ಐಕ್ಲೌಡ್‌ಗೆ ಇದು ಕ್ಯಾಲ್‌ಡ್ಯಾವ್ ಎಂಬ ವಿಧಾನದ ಮೂಲಕ ನಡೆಯುತ್ತದೆ. 2007ರಲ್ಲಿ ಆರ್‌ಎಫ್‌ಸಿ 4791 ಎಂದು ಪ್ರಕಟವಾದ ಮಾನಕ ಅದು (ಅಂತರಜಾಲದ ಮಾನಕಗಳನ್ನು ಪ್ರಕಟಿಸುವ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ). ಜೋಡಿಸುವಾಗ ಆ್ಯಪಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಕೊಡಬಾರದು. ಆ ಒಂದು ಆ್ಯಪ್‌ಗೆಂದೇ ಬೇರೆ ಪಾಸ್‌ವರ್ಡ್ ಮಾಡಿಕೊಳ್ಳುವ ಅವಕಾಶ ಖಾತೆಯ ಸೆಟ್ಟಿಂಗ್‌ನಲ್ಲಿದೆ.

ಮೂರು ಕ್ಯಾಲೆಂಡರ್

ಸರ್ವರ್ ಕೋಣೆ ಅವರಿಗೆ ಅನಂತ ಧನ್ಯವಾದಗಳು. ಈಗಷ್ಟೇ ನೋಡಿದೆ. ಶುಕ್ರವಾರದ ನಮೂದಿನಲ್ಲಿ "ಬಿಡುವು" ಎಂದೇ ಇದೆ. ಅಷ್ಟೇ ಅಲ್ಲ, ಕಳೆದ ಎರಡು ವರ್ಷಗಳಲ್ಲಿ ನಾನು ಹಾಕಿಕೊಂಡ ರಜೆಗಳೆಲ್ಲವೂ ಹಾಗೆಯೇ ಇವೆ; ಲಿಂಕ್ ಇಲ್ಲದಿದ್ದ ಕಾಲದಲ್ಲಿ ಅದು ಯಾರಿಗೂ ಕಾಣಿಸಿರಲಿಲ್ಲ. ಮನೆಯ ಕ್ಯಾಲೆಂಡರನ್ನು ತಾವು ಊಹಿಸಿದಂತೆ ಲಿಂಕ್ ಮೂಲಕ ಗೂಗಲ್‌ಗೆ ತಂದುಕೊಂಡಿದ್ದೆ. ಪರದೆಯ ಮೇಲೆ ಎರಡೂ ಬಣ್ಣಗಳು ಒಟ್ಟಿಗೆ ಕಾಣುತ್ತಿದ್ದುದರಿಂದ ಎಲ್ಲವೂ ಒಂದಾಗಿದೆ ಎಂದೇ ನಂಬಿದ್ದೆ.

ಪೆನ್ನು ಪುಸ್ತಕ

ತಂತ್ರಜ್ಞಾನದ ಚರ್ಚೆಯ ನಡುವೆ ಅಡ್ಡ ಮಾತು ಆಡುತ್ತಿರುವುದಕ್ಕೆ ಕ್ಷಮೆ ಇರಲಿ. ಲಿಂಕ್ ಕಳಿಸುವುದೇ ಸರಿಯೇ ಎಂದು ಯಾರೂ ಕೇಳಲಿಲ್ಲ. ನನಗಿಂತ ಹಿರಿಯರಾದ, ನನಗೆ ಕೆಲಸ ಕೊಡಬೇಕಾದ ಒಬ್ಬರಿಗೆ ನಾನು ಬುಕಿಂಗ್ ಲಿಂಕ್ ಕಳಿಸಿದರೆ, ಹೊತ್ತು ಹುಡುಕುವ ಶ್ರಮವನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ: ಅವರು ನನ್ನ ಪುಟ ತೆರೆದು, ತಮ್ಮ ಕ್ಯಾಲೆಂಡರ್ ಜೊತೆ ತಾಳೆ ನೋಡಿ, ಹೆಸರು, ಇಮೇಲ್, ಮೀಟಿಂಗ್‌ನ ಉದ್ದೇಶ ಎಲ್ಲವನ್ನೂ ತುಂಬಬೇಕು. 2022ರ ಜನವರಿಯಲ್ಲಿ ಟ್ವಿಟರ್‌ನಲ್ಲಿ ಇದೇ ವಿಷಯಕ್ಕೆ ದಿನಗಟ್ಟಲೆ ವಾಗ್ವಾದ ನಡೆದಿತ್ತು. ಲಿಂಕ್ ಕಳಿಸುವುದು ದರ್ಪದ ಲಕ್ಷಣವೆಂದು ಒಂದು ಪಕ್ಷ, ಇಬ್ಬರ ಸಮಯವನ್ನೂ ಉಳಿಸುತ್ತದೆಂದು ಇನ್ನೊಂದು ಪಕ್ಷ.

ನಾನು ಇಂದಿಗೂ ಮೂರು ಹೊತ್ತುಗಳನ್ನು ಇಮೇಲ್‌ನಲ್ಲೇ ಬರೆಯುತ್ತೇನೆ, ದಿನ ಮತ್ತು ತಾರೀಖು ಎರಡನ್ನೂ ಸೇರಿಸಿ. ಮುಕ್ಕಾಲು ಪಾಲು ಮೀಟಿಂಗ್‌ಗಳು ಒಂದೇ ಉತ್ತರದಲ್ಲಿ ಗೊತ್ತಾಗುತ್ತವೆ. ಐದಾರು ಇಮೇಲ್‌ಗಳು ಓಡಾಡುತ್ತಿವೆ ಎಂದರೆ ಮೊದಲ ಇಮೇಲ್‌ನಲ್ಲಿ "ಯಾವಾಗ ಅನುಕೂಲ" ಎಂದು ಸುಮ್ಮನೆ ಕೇಳಿರಬೇಕು.

ಆಫೀಸ್ ಡೈರಿ

ಪೆನ್ನು ಪುಸ್ತಕ ಅವರ ಮಾತಿನಲ್ಲಿ ಹುರುಳಿದೆ, ಆದರೆ ವಾರಕ್ಕೆ ಹದಿನೈದು ಜನ ಹೊರಗಿನವರಿದ್ದಾಗ ಮೂರು ಹೊತ್ತುಗಳ ವಿಧಾನಕ್ಕೆ ಒಂದು ತೊಡಕಿದೆ. ಕೊಟ್ಟ ಮೂರನ್ನೂ ಉತ್ತರ ಬರುವವರೆಗೆ ಖಾಲಿ ಇಟ್ಟುಕೊಳ್ಳಬೇಕು. ಹದಿನೈದು ಜನರಿಗೆ ಕೊಟ್ಟರೆ ನಲವತ್ತೈದು ಹೊತ್ತುಗಳು ಒತ್ತೆಯಾಗುತ್ತವೆ. ನಾನು ಎರಡನ್ನೂ ಬೆರೆಸುತ್ತೇನೆ. "ಬುಧವಾರ 10 ಗಂಟೆ ಅಥವಾ ಗುರುವಾರ 4 ಗಂಟೆ ನನಗೆ ಆಗುತ್ತದೆ, ಎರಡೂ ಆಗದಿದ್ದರೆ ತಮ್ಮ ಎರಡು ಹೊತ್ತುಗಳನ್ನು ತಿಳಿಸಿ, ಇಲ್ಲವೇ ಈ ಲಿಂಕ್‌ನಲ್ಲಿ ಆರಿಸಿಕೊಳ್ಳಬಹುದು" ಎಂದು ಬರೆದರೆ ಈವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ. ಫಾರ್ಮ್‌ನಲ್ಲಿ ಹೆಸರು ಮತ್ತು ಇಮೇಲ್ ಬಿಟ್ಟು ಬೇರೇನನ್ನೂ ಕಡ್ಡಾಯ ಮಾಡಬೇಡಿ. ಮೀಟಿಂಗ್‌ಗೆ ಮುಂಚೆ ಒಂಬತ್ತು ಪ್ರಶ್ನೆ ಕೇಳುವ ಪುಟಗಳನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ.

ಎರಡು ಗಡಿಯಾರ

ಮೂಲ ಪ್ರಶ್ನೆಯಲ್ಲಿ ಗ್ರಾಹಕರು ಬೇರೆ ದೇಶಗಳಲ್ಲಿದ್ದಾರೆಯೇ ಎಂಬುದು ಸ್ಪಷ್ಟವಿಲ್ಲ. ಇದ್ದರೆ, ಆ್ಯಪ್ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ಪರೀಕ್ಷಿಸುವುದು ಕಾಲವಲಯದ ನಿರ್ವಹಣೆಯನ್ನು. ಅನುವಾದದ ಕೆಲಸದಿಂದಾಗಿ ನ್ಯೂಯಾರ್ಕ್ ಮತ್ತು ಲಂಡನ್‌ನವರು ಒಟ್ಟಿಗೆ ಸೇರುವ ಮೀಟಿಂಗ್‌ಗಳನ್ನು ಹಲವು ವರ್ಷಗಳಿಂದ ಗೊತ್ತುಮಾಡುತ್ತಿದ್ದೇನೆ. ವರ್ಷದ ಬಹುಭಾಗ ಇವೆರಡರ ನಡುವಿನ ಅಂತರ ಐದು ಗಂಟೆ. ಆದರೆ ಅಮೆರಿಕದಲ್ಲಿ 2007ರಿಂದ ಈಚೆಗೆ ಮಾರ್ಚ್‌ನ ಎರಡನೇ ಭಾನುವಾರ ಬೇಸಿಗೆಯ ಹಗಲಿಗೆ ಹೊಂದಿಸಲೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಬ್ರಿಟನ್ ಮತ್ತು ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. 2026ರಲ್ಲಿ ಆ ದಿನಗಳು ಮಾರ್ಚ್ 8 ಮತ್ತು 29. ನಡುವಿನ ಮೂರು ವಾರ ಅಂತರ ನಾಲ್ಕೇ ಗಂಟೆ. ಅಕ್ಟೋಬರ್ ಕೊನೆಯ ಭಾನುವಾರ ಯುರೋಪು ಹಿಂದಕ್ಕೆ ಸರಿದು, ನವೆಂಬರ್‌ನ ಮೊದಲ ಭಾನುವಾರ ಅಮೆರಿಕ ಸರಿಯುವವರೆಗಿನ ಒಂದು ವಾರವೂ ಹಾಗೆಯೇ.

ಒಮ್ಮೆ ಮಾರ್ಚ್‌ನಲ್ಲಿ ನನ್ನ ವಾರದ ಮೀಟಿಂಗ್‌ಗೆ ಲಂಡನ್ನಿನ ಇಬ್ಬರು ಸರಿಯಾಗಿ ಒಂದು ಗಂಟೆ ತಡವಾಗಿ ಬಂದರು. ಅವರ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ಮೀಟಿಂಗ್ ನ್ಯೂಯಾರ್ಕ್ ಗಡಿಯಾರಕ್ಕೆ ಕಟ್ಟಿತ್ತು, ಅವರು ಮಾತ್ರ ಕ್ಯಾಲೆಂಡರ್ ನೋಡದೆ ಅಭ್ಯಾಸಬಲದಿಂದ "ಮೂರು ಗಂಟೆ" ಎಂದುಕೊಂಡಿದ್ದರು. ಆ ಮೂರು ವಾರ ಅದು ಅವರಿಗೆ ಎರಡು ಗಂಟೆಯಾಗಿತ್ತು.

ಆದ್ದರಿಂದ ಪರೀಕ್ಷೆ ಹೀಗಿರಲಿ. ವಾರವಾರ ಮರುಕಳಿಸುವ ಒಂದು ಮೀಟಿಂಗ್ ಮಾಡಿ, ಅದನ್ನು ಊರಿನ ಹೆಸರಿರುವ ಕಾಲವಲಯಕ್ಕೆ ಕಟ್ಟಲು ಆ್ಯಪ್ ಬಿಡುತ್ತದೆಯೇ ನೋಡಿ; ಮಾರ್ಚ್ ಮೂರನೇ ವಾರಕ್ಕೆ ಹೋಗಿ ಎರಡೂ ಕಡೆಯ ಹೊತ್ತನ್ನು ಓದಿ. ಬುಕಿಂಗ್ ಪುಟದಲ್ಲಿ ಗ್ರಾಹಕರ ಕಾಲವಲಯವನ್ನು ಆ್ಯಪ್ ತಾನೇ ಊಹಿಸುತ್ತದೆ. ಆ ಊಹೆ ಪುಟದ ಮೇಲೆ ಕಣ್ಣಿಗೆ ಬೀಳುವಂತೆ ಬರೆದಿರಬೇಕು, ಬದಲಿಸಲು ಬರಬೇಕು. ಪ್ರಯಾಣದಲ್ಲಿರುವವರಿಗೆ ಆ ಊಹೆ ಆಗಾಗ ತಪ್ಪುತ್ತದೆ.

ಸರ್ವರ್ ಕೋಣೆ

ಎರಡು ಗಡಿಯಾರ ಅವರ ಮಾತಿಗೆ ಒಂದು ಸೇರ್ಪಡೆ. ಈ ನಿಯಮಗಳೆಲ್ಲ ಐಎಎನ್‌ಎ ಎಂಬ ಅಂತರಜಾಲ ಸಂಸ್ಥೆ ನೋಡಿಕೊಳ್ಳುವ ಕಾಲವಲಯಗಳ ದತ್ತಾಂಶದಲ್ಲಿರುತ್ತವೆ, ಸರ್ಕಾರಗಳು ನಿಯಮ ಬದಲಿಸಿದಾಗಲೆಲ್ಲ ಅದು ಹೊಸದಾಗುತ್ತದೆ. ಮೆಕ್ಸಿಕೋ 2022ರ ಅಕ್ಟೋಬರ್‌ನಲ್ಲಿ ತನ್ನ ಬಹುಭಾಗದಲ್ಲಿ ಬೇಸಿಗೆಯ ಗಡಿಯಾರವನ್ನೇ ಕೈಬಿಟ್ಟಿತು; ನವೀಕರಣ ಮಾಡದ ಹಳೆಯ ಸರ್ವರ್‌ಗಳು ಮುಂದಿನ ವಸಂತದಲ್ಲೂ ಒಂದು ಗಂಟೆ ಮುಂದಕ್ಕೆ ಹಾರುತ್ತವೆ. ಸ್ವಂತ ಸರ್ವರ್‌ನಲ್ಲಿ ಕ್ಯಾಲೆಂಡರ್ ಇಟ್ಟುಕೊಳ್ಳುವವರು ಇದನ್ನು ಮರೆಯಬಾರದು.

ಇನ್ನು ಯಾರೂ ಎತ್ತದ ಒಂದು ವಿಷಯ ಅನುಮತಿ. ಬುಕಿಂಗ್ ಆ್ಯಪನ್ನು ಜೋಡಿಸುವಾಗ ಬರುವ ಪರದೆಯನ್ನು ನಾವೆಲ್ಲ ಓದದೆ ಒತ್ತಿಬಿಡುತ್ತೇವೆ. ಬಿಡುವು ಮತ್ತು ಬ್ಯುಸಿ ಎಂಬ ಎರಡನ್ನಷ್ಟೇ ಓದುವ ಅನುಮತಿ ಗೂಗಲ್‌ನಲ್ಲಿ ಬೇರೆಯಾಗಿಯೇ ಇದೆ. ಆದರೆ ಆ್ಯಪ್ ಮೀಟಿಂಗನ್ನು ತಮ್ಮ ಕ್ಯಾಲೆಂಡರ್‌ನಲ್ಲಿ ಬರೆಯಲೂ ಬೇಕಾದ್ದರಿಂದ ಸಾಮಾನ್ಯವಾಗಿ ನಮೂದುಗಳನ್ನು ಓದುವ, ತಿದ್ದುವ, ಅಳಿಸುವ ಅನುಮತಿಯನ್ನೇ ಕೇಳುತ್ತದೆ. ವೈದ್ಯರ ಭೇಟಿ, ವಕೀಲರ ಹೆಸರು, ಮಗುವಿನ ಶಾಲೆಯ ವಿಳಾಸ ಎಲ್ಲವೂ ನಮೂದಿನ ಶೀರ್ಷಿಕೆಯಲ್ಲೇ ಇದ್ದರೆ ಅವೂ ಆ ಸಂಸ್ಥೆಗೆ ತೆರೆದಿರುತ್ತವೆ. ಇದು ಬೇಡವೆನ್ನುವವರಿಗೆ ಪ್ರೋಟಾನ್ ಕ್ಯಾಲೆಂಡರ್ ಇದೆ, ಅದರಲ್ಲಿ ನಮೂದುಗಳ ಶೀರ್ಷಿಕೆ, ವಿವರಗಳು ಆದಿಯಿಂದ ಅಂತ್ಯದವರೆಗೆ ಗೂಢಲಿಪಿಯಲ್ಲಿರುತ್ತವೆ, ಎಂದರೆ ಆ ಸಂಸ್ಥೆಗೂ ಅವನ್ನು ಓದಲು ಬರುವುದಿಲ್ಲ. ಆದರೆ ಅದೇ ಕಾರಣಕ್ಕೆ ಹೊರಗಿನ ಬುಕಿಂಗ್ ಆ್ಯಪ್‌ಗಳು ಅದನ್ನು ಕ್ಯಾಲ್‌ಡ್ಯಾವ್ ಮೂಲಕ ನೇರವಾಗಿ ಓದಲಾರವು. ತಾವೇ ಸರ್ವರ್ ನಡೆಸುವುದಾದರೆ ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶದ ಕ್ಯಾಲೆಂಡರ್‌ನಲ್ಲಿ ಅಪಾಯಿಂಟ್‌ಮೆಂಟ್ ಪುಟವೂ ಸೇರಿಕೊಂಡಿದೆ. ನಾಲ್ಕು ಜನರ ತಂಡಕ್ಕೆ ಅಷ್ಟು ತಲೆನೋವು ಬೇಕೇ ಎಂದರೆ, ಬೇಡ ಎಂದೇ ನನ್ನ ಉತ್ತರ.

ತಡರಾತ್ರಿ ಓದುಗ

ಈ ಕ್ಷೇತ್ರದಲ್ಲಿ ಚೆಂದದ ಆ್ಯಪ್‌ಗಳ ಆಯುಷ್ಯ ಕಡಿಮೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾನು ಬಹಳ ಇಷ್ಟಪಟ್ಟಿದ್ದ ಸನ್‌ರೈಸ್ ಕ್ಯಾಲೆಂಡರನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2016ರಲ್ಲಿ ಮುಚ್ಚಿತು. ಕ್ರಾನ್ ಎಂಬ ಇನ್ನೊಂದನ್ನು 2022ರಲ್ಲಿ ನೋಷನ್ ಕೊಂಡು, 2024ರ ಜನವರಿಯಲ್ಲಿ ನೋಷನ್ ಕ್ಯಾಲೆಂಡರ್ ಎಂಬ ಹೆಸರಿನಲ್ಲಿ ಹೊರತಂದಿತು. ಕೆಲಸಗಳನ್ನು ಕ್ಯಾಲೆಂಡರ್‌ನ ಖಾಲಿ ಜಾಗಗಳಿಗೆ ತಾನೇ ತುಂಬಿಸುವ ರಿಕ್ಲೇಮ್ 2024ರಲ್ಲಿ ಡ್ರಾಪ್‌ಬಾಕ್ಸ್‌ನ ಪಾಲಾಯಿತು.

ಆದರೂ ಸನ್‌ರೈಸ್ ಮುಚ್ಚಿದ ದಿನ ನಾನು ಕಳೆದುಕೊಂಡದ್ದು ಏನೂ ಇಲ್ಲ, ಏಕೆಂದರೆ ನನ್ನ ನಮೂದುಗಳಿದ್ದದ್ದು ಗೂಗಲ್ ಖಾತೆಯಲ್ಲಿ. ಆ ಆ್ಯಪ್ ಬರೀ ಕಿಟಕಿಯಾಗಿತ್ತು. ಕಿಟಕಿ ಯಾವುದು, ಉಗ್ರಾಣ ಯಾವುದು ಎಂಬುದನ್ನು ತಿಳಿದುಕೊಂಡು ಆರಿಸಿದರೆ ಹೊಸ ಆ್ಯಪ್‌ಗಳನ್ನು ಧೈರ್ಯವಾಗಿ ಪ್ರಯತ್ನಿಸಬಹುದು. ಬುಕಿಂಗ್ ಆ್ಯಪ್‌ಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು: ಮೀಟಿಂಗ್‌ಗಳು ಕ್ಯಾಲೆಂಡರ್‌ನಲ್ಲಿ ಉಳಿಯುತ್ತವೆ, ಆದರೆ ಗ್ರಾಹಕರು ಫಾರ್ಮ್‌ನಲ್ಲಿ ಬರೆದ ವಿವರಗಳು, ರದ್ದುಮಾಡುವ ಲಿಂಕ್‌ಗಳು, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ ಪುಟದ ವಿಳಾಸ ಆ ಆ್ಯಪ್ ಜೊತೆಗೇ ಹೋಗುತ್ತವೆ. ಸ್ವಂತ ವೆಬ್‌ಸೈಟ್ ಇದ್ದರೆ ಅಲ್ಲಿಯ ಒಂದು ವಿಳಾಸವನ್ನು ಕೊಟ್ಟು, ಅದು ಸದ್ಯದ ಬುಕಿಂಗ್ ಪುಟಕ್ಕೆ ಕರೆದೊಯ್ಯುವಂತೆ ಮಾಡಿಕೊಳ್ಳಿ.

ಮೂರು ಕ್ಯಾಲೆಂಡರ್

ಹೌದು, ಗ್ರಾಹಕರಲ್ಲಿ ಮೂರನೇ ಒಂದು ಭಾಗ ಬೇರೆ ದೇಶಗಳಲ್ಲಿದ್ದಾರೆ. ತಂಡದ ವಿಷಯವೂ ಇದೆ: ಮೊದಲ ಭೇಟಿಯನ್ನು ನಾಲ್ವರಲ್ಲಿ ಯಾರು ಮಾಡಿದರೂ ಆಗುತ್ತದೆ, ಆದರೆ ಒಪ್ಪಂದದ ಮಾತುಕತೆಗೆ ಇಬ್ಬರು ಇರಲೇಬೇಕು. ಇದಕ್ಕೆ ಎರಡು ಬೇರೆ ಲಿಂಕ್‌ಗಳು ಬೇಕೇ?

ಆಫೀಸ್ ಡೈರಿ

ಎರಡು ಬೇಕು, ಏಕೆಂದರೆ ಅವು ಎರಡು ತದ್ವಿರುದ್ಧ ಲೆಕ್ಕಗಳು. ಮೊದಲ ಭೇಟಿಗೆ ಬೇಕಾದದ್ದು ಸರದಿ ಹಂಚಿಕೆ, ಆ್ಯಪ್‌ಗಳು ರೌಂಡ್ ರಾಬಿನ್ ಎನ್ನುತ್ತವೆ. ನಾಲ್ವರಲ್ಲಿ ಯಾರೊಬ್ಬರು ಬಿಡುವಾಗಿದ್ದರೂ ಆ ಹೊತ್ತು ತೆರೆದಿರುತ್ತದೆ. ಒಪ್ಪಂದಕ್ಕೆ ಇಬ್ಬರೂ ಬಿಡುವಾಗಿರುವ ಹೊತ್ತು ಮಾತ್ರ ತೆರೆಯಬೇಕು. ಮೊದಲನೆಯದರಲ್ಲಿ ಹೊತ್ತುಗಳು ಧಾರಾಳವಾಗಿ ಸಿಗುತ್ತವೆ, ಎರಡನೆಯದರಲ್ಲಿ ವಾರಕ್ಕೆ ಎರಡು ಸಿಕ್ಕರೆ ಹೆಚ್ಚು. ಕ್ಯಾಲೆಂಡ್ಲಿಯ ಉಚಿತ ಯೋಜನೆಯಲ್ಲಿ ಒಂದೇ ಬಗೆಯ ಮೀಟಿಂಗ್ ಇಡಬಹುದು, ತಂಡದ ಸೌಲಭ್ಯಗಳಿಗೆ ಹಣ ಕಟ್ಟಬೇಕು. ಮೈಕ್ರೋಸಾಫ್ಟ್ ಬುಕಿಂಗ್ಸ್ ತಂಡದವರೆಲ್ಲರೂ ಔಟ್‌ಲುಕ್‌ನಲ್ಲೇ ಇದ್ದರೆ ಚೆನ್ನಾಗಿ ನಡೆಯುತ್ತದೆ. ಗೂಗಲ್‌ನ ಅಪಾಯಿಂಟ್‌ಮೆಂಟ್ ಪುಟ ಗೂಗಲ್ ಕ್ಯಾಲೆಂಡರ್‌ಗಳನ್ನಷ್ಟೇ ನೋಡುವುದರಿಂದ ಔಟ್‌ಲುಕ್‌ನಲ್ಲಿ ಕೆಲಸ ಮಾಡುವ ತಮಗೆ ಅದು ಆಗಿಬರುವುದಿಲ್ಲ. 2021ರಲ್ಲಿ ಕ್ಯಾಲೆಂಡ್‌ಸೋ ಎಂಬ ಹೆಸರಿನಲ್ಲಿ ಶುರುವಾದ ಕ್ಯಾಲ್ ಡಾಟ್ ಕಾಮ್ ಗೂಗಲ್, ಔಟ್‌ಲುಕ್, ಆ್ಯಪಲ್ ಮೂರನ್ನೂ ಜೋಡಿಸಿಕೊಳ್ಳುತ್ತದೆ. ಮೂರು ಕಡೆ ಹರಡಿಕೊಂಡವರಿಗೆ ನಾನು ಅದನ್ನೇ ಹೇಳುವುದು.

ಯಾವುದನ್ನೇ ಆರಿಸಿದರೂ ಲಿಂಕ್ ಹೊರಗೆ ಕೊಡುವ ಮುಂಚೆ ಕೆಲವು ಸೆಟ್ಟಿಂಗ್‌ಗಳನ್ನು ಮುಟ್ಟಲೇಬೇಕು. ಕನಿಷ್ಠ ಮುನ್ಸೂಚನೆ ಎಂಬುದನ್ನು ಹಾಗೇ ಬಿಟ್ಟರೆ ಹತ್ತು ಗಂಟೆಯ ಮೀಟಿಂಗನ್ನು ಒಂಬತ್ತೂವರೆಗೆ ಬುಕ್ ಮಾಡುವವರು ಬರುತ್ತಾರೆ. ನಾನು ಇಪ್ಪತ್ನಾಲ್ಕು ಗಂಟೆ ಇಟ್ಟಿದ್ದೇನೆ. ಎಷ್ಟು ದೂರದ ದಿನಗಳವರೆಗೆ ತೆರೆದಿರಬೇಕು ಎಂಬುದಕ್ಕೆ ಮೂರು ವಾರ ಸಾಕು. ಮೀಟಿಂಗ್‌ನ ಹಿಂದೆ ಮುಂದೆ ಬಿಡುವ ಅವಧಿಯನ್ನು ಜನ ಮರೆಯುತ್ತಾರೆ, ಆಮೇಲೆ ಮೂರು ಮೀಟಿಂಗ್ ಒಂದಕ್ಕೊಂದು ಅಂಟಿಕೊಂಡು ನೀರು ಕುಡಿಯಲೂ ಏಳಲಾಗದೆ ಕೂರುತ್ತಾರೆ. ದಿನಕ್ಕೆ ಗರಿಷ್ಠ ಎಷ್ಟು ಎಂಬ ಮಿತಿ ಇದ್ದರೆ ಅದನ್ನೂ ಹಾಕಿ. ನನ್ನ ಮಿತಿ ನಾಲ್ಕು, ಐದನೆಯವರಿಗೆ ನನ್ನಿಂದ ಒಳ್ಳೆಯ ಮಾತು ಸಿಗುವುದಿಲ್ಲ. ಗೂಗಲ್ ಕ್ಯಾಲೆಂಡರ್‌ನಲ್ಲಿ ಅರ್ಧ ಗಂಟೆಯ ಮೀಟಿಂಗನ್ನು 25 ನಿಮಿಷಕ್ಕೂ, ಒಂದು ಗಂಟೆಯದನ್ನು 50 ನಿಮಿಷಕ್ಕೂ ಇಳಿಸುವ ಆಯ್ಕೆಯಿದೆ, ಔಟ್‌ಲುಕ್‌ನಲ್ಲೂ ಅಂಥದ್ದೇ ಇದೆ. ಒಳಗಿನ ಮೀಟಿಂಗ್‌ಗಳಿಗೆ ಅದು ತುಂಬ ಉಪಯುಕ್ತ.

ಕೊನೆಗೆ, ಬೇರೊಂದು ಇಮೇಲ್‌ನಿಂದ ತಾವೇ ಗ್ರಾಹಕರಂತೆ ಒಂದು ಹೊತ್ತನ್ನು ಬುಕ್ ಮಾಡಿ, ಅದನ್ನು ಮುಂದೂಡಿ, ಆಮೇಲೆ ರದ್ದುಮಾಡಿ. ಮೂರು ಹಂತದಲ್ಲೂ ಎರಡೂ ಕಡೆಯ ಕ್ಯಾಲೆಂಡರ್‌ನಲ್ಲಿ ಏನಾಯಿತು ನೋಡಿ. ಮುಂದೂಡಿದಾಗ ಹಳೆಯ ನಮೂದು ಅಲ್ಲೇ ಉಳಿದರೆ ಆ ಆ್ಯಪ್ ಬೇಡ.

ಸರ್ವರ್ ಕೋಣೆ

ಆ ಕೊನೆಯ ಪರೀಕ್ಷೆಗೆ ಕಾರಣವನ್ನೂ ಹೇಳಿಬಿಡುತ್ತೇನೆ. ಎಲ್ಲ ಕ್ಯಾಲೆಂಡರ್‌ಗಳೂ ಮಾತಾಡಿಕೊಳ್ಳುವ ಭಾಷೆ ಐಕ್ಯಾಲೆಂಡರ್ ಎಂಬ ಮಾನಕ. 1998ರಲ್ಲಿ ಮೊದಲು ಬಂದು 2009ರಲ್ಲಿ ಆರ್‌ಎಫ್‌ಸಿ 5545 ಎಂದು ಪರಿಷ್ಕೃತವಾಯಿತು. ಇಮೇಲ್ ಜೊತೆ ಬರುವ ಐಸಿಎಸ್ ಫೈಲ್ ಅದೇ. ಅದರಲ್ಲಿ ಪ್ರತಿ ಮೀಟಿಂಗ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಮುಂದೂಡಿದಾಗ ಅದೇ ಗುರುತಿನಲ್ಲಿ ಹೊಸ ಹೊತ್ತನ್ನು ಕಳಿಸಿದರೆ ನಮೂದು ಜಾಗ ಬದಲಿಸುತ್ತದೆ. ಹಳೆಯದಕ್ಕೆ ರದ್ದತಿ ಕಳಿಸದೆ ಹೊಸ ಗುರುತು ಕೊಟ್ಟರೆ ಹಳೆಯದು ದೆವ್ವದಂತೆ ಅಲ್ಲೇ ನಿಲ್ಲುತ್ತದೆ.

ಮೂರು ಕ್ಯಾಲೆಂಡರ್

ಮೂರು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ. ಕ್ಯಾಲ್ ಡಾಟ್ ಕಾಮ್ ಆರಿಸಿಕೊಂಡೆವು, ಮುಖ್ಯವಾಗಿ ಅದು ಮೂರೂ ಖಾತೆಗಳನ್ನು ನೇರವಾಗಿ ಓದುತ್ತದೆ ಎಂಬ ಕಾರಣಕ್ಕೆ. ಕೆಲಸದ ಔಟ್‌ಲುಕ್ ಖಾತೆಯೇ ಉಗ್ರಾಣ. ಹೊಸ ಬುಕಿಂಗ್‌ಗಳು ಅಲ್ಲಿಗೇ ಹೋಗುತ್ತವೆ. ಗೂಗಲ್ ಮತ್ತು ಐಕ್ಲೌಡ್ ಖಾತೆಗಳು ಬಿಡುವು ನೋಡುವುದಕ್ಕೆ ಮಾತ್ರ, ಚಂದಾ ಲಿಂಕನ್ನು ಕಿತ್ತುಹಾಕಿದೆ. ನಮ್ಮೊಳಗಿನ ಮೀಟಿಂಗ್‌ಗಳಿಗೆ ಲಿಂಕ್ ಬಳಸುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಮುಂದಿನ ವರ್ಷಕ್ಕೆ ಹಾಕಿಟ್ಟಿದ್ದ ಹನ್ನೊಂದು ರಜೆಗಳನ್ನು ಒಂದೊಂದಾಗಿ ತೆರೆದು "ಬ್ಯುಸಿ" ಮಾಡಲು ಒಂದು ಸಂಜೆ ಹಿಡಿಯಿತು.

ಆಫೀಸ್ ಡೈರಿ ಅವರು ಹೇಳಿದಂತೆ ನಾನೇ ಗ್ರಾಹಕನಾಗಿ ಬುಕ್ ಮಾಡಿ ನೋಡಿದೆ. ಮೊದಲ ಸಲ ದೃಢೀಕರಣದ ಇಮೇಲ್ ಎರಡು ಬಂದವು, ಒಂದು ಬುಕಿಂಗ್ ಆ್ಯಪ್‌ನಿಂದ, ಇನ್ನೊಂದು ಔಟ್‌ಲುಕ್‌ನಿಂದ; ಯಾವುದರಲ್ಲಿ ಒಪ್ಪಿಗೆ ಒತ್ತಬೇಕೆಂದು ಗ್ರಾಹಕರಿಗೆ ಗೊಂದಲವಾಗಬಾರದೆಂದು ಪುಟದ ಮೇಲೆಯೇ ಒಂದು ಸಾಲು ಬರೆದಿದ್ದೇನೆ. ಒಪ್ಪಂದದ ಲಿಂಕ್‌ನಲ್ಲಿ ಮೊದಲ ವಾರ ಒಂದೂ ಹೊತ್ತು ಕಾಣಿಸಲಿಲ್ಲ, ಏಕೆಂದರೆ ನಾವಿಬ್ಬರೂ ಒಟ್ಟಿಗೆ ಬಿಡುವಾಗಿರುವ ಗಂಟೆಯೇ ಇರಲಿಲ್ಲ. ಈಗ ಮಂಗಳವಾರ ಮತ್ತು ಗುರುವಾರ ಮೂರರಿಂದ ಐದರವರೆಗೆ ಅದಕ್ಕೆಂದೇ ಮೀಸಲಿಟ್ಟಿದ್ದೇವೆ.

ಪೆನ್ನು ಪುಸ್ತಕ ಅವರಿಗೆ ಒಂದು ಮಾತು. ನಮ್ಮ ಗ್ರಾಹಕರಲ್ಲಿ ಹಿರಿಯರೊಬ್ಬರಿದ್ದಾರೆ, ಲಿಂಕ್ ಕಳಿಸಿದರೆ ಫೋನ್ ಮಾಡುತ್ತಾರೆ. ಅವರು ಫೋನಿನಲ್ಲಿ ಮಾತಾಡುತ್ತಿರುವಾಗಲೇ ನಾನು ನನ್ನದೇ ಬುಕಿಂಗ್ ಪುಟ ತೆರೆದು, ಅವರ ಹೆಸರು ಮತ್ತು ಇಮೇಲ್ ತುಂಬಿ, ಅವರು ಹೇಳಿದ ಹೊತ್ತನ್ನು ಒತ್ತುತ್ತೇನೆ. "ಇಮೇಲ್ ಬಂತು ನೋಡಿ" ಎಂದು ಅವರೇ ಹೇಳುತ್ತಾರೆ.